ಮೆಕಾಂಗ್ ನಕ್ಷೆ ತೆರೆಯುವ ಮುನ್ನ

ಎಲ್ಲರ ಗಮನಕ್ಕೆ: ನಾಳೆ ಮೆಕಾಂಗ್ ಮುಖಜಭೂಮಿಯ ಚರ್ಚೆ, ನಕ್ಷೆ ತೆರೆದಿಟ್ಟುಕೊಂಡಿರಿ. ವಿಯೆಟ್ನಾಮಿನವರು ಇದನ್ನು ‘ಒಂಬತ್ತು ಡ್ರ್ಯಾಗನ್’ ಅಂತಾರೆ. ಹಾಗಂತ ಒಂಬತ್ತು ಕವಲು ಎಣಿಸಲು ಹೋಗಬೇಡಿ, ಸಿಗಲ್ಲ. ಒಂದು ಹೂಳು ತುಂಬಿ ಮುಚ್ಚಿದೆ. ಬಾ ಲಾಯ್ ಎಂಬ ಇನ್ನೊಂದು ಕವಲಿಗೆ ಉಪ್ಪುನೀರು ತಡೆಯುವ ಗೇಟು ಹಾಕಿದ್ದಾರೆ.

ಚೌ ಡಾಕ್‌ನಿಂದ ಹಾ ಟಿಯೆನ್ ಕಡೆಗೆ ಗೆರೆ ಎಳೆದಂತೆ ಕಾಣುವುದು ನದಿಯಲ್ಲ, ವಿನ್ ಟೆ ಕಾಲುವೆ. 1819ರಿಂದ 1824ರವರೆಗೆ ಬಿಟ್ಟಿ ಆಳುಗಳು ಕೈಯಲ್ಲೇ ಅಗೆದದ್ದು.

ಡಾಂಗ್ ಥಾಪ್ ಮುಯಿ ಜೌಗನ್ನು ಮಾತ್ರ ನಿಧಾನವಾಗಿ ನೋಡಿ. ಅಲ್ಲಿ ಮಣ್ಣಿನಡಿ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಇದೆ. ನೀರು ಬಸಿದರೆ ಅದಕ್ಕೆ ಗಾಳಿ ತಗುಲಿ ಗಂಧಕಾಮ್ಲವಾಗುತ್ತದೆ. ಆಮ್ಲದಲ್ಲಿ ಕರಗಿ ಬಂದ ಅಲ್ಯೂಮಿನಿಯಂ ಕೆಸರನ್ನೆಲ್ಲ ತಳಕ್ಕಿಳಿಸುವುದರಿಂದ ಕಾಲುವೆ ನೀರು ಕನ್ನಡಿಯಂತೆ ತಿಳಿಯಾಗುತ್ತದೆ. ಚೆಂದ ಕಂಡಷ್ಟೂ ಭತ್ತದ ಬೇರಿಗೆ ಕೆಟ್ಟದ್ದು! ಬಿತ್ತುವ ಮೊದಲು ಸಿಹಿನೀರು ಹಾಯಿಸಿ, ಆ ಹುಳಿ ತೊಳೆದು ಹೊರಗೆ ಬಿಡಬೇಕು.