ಬೆವರದ ತಮ್ಮನ ಪರವಾಗಿ ಸಂಸದರಿಗೊಂದು ಪತ್ರ

ದಕ್ಷಿಣ ಕನ್ನಡದ ಮಾನ್ಯ ಸಂಸದರಿಗೆ ನಮಸ್ಕಾರಗಳು.

ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ ಬೆವರದ ಮನುಷ್ಯನನ್ನು ನೀವು ಕಂಡಿದ್ದೀರಾ? ನನ್ನ ತಮ್ಮ ಅಂಥವನು. ಸೆಕೆಗೆ ನಾವೆಲ್ಲ ತೊಯ್ದು ತೊಪ್ಪೆಯಾದರೂ ಅವನ ಅಂಗಿ ಒಣಗಿಯೇ ಇರುತ್ತಿತ್ತು. ಪುಣ್ಯವಂತ ಎಂದು ನೆಂಟರು ನಗುತ್ತಿದ್ದರು. ಆದರೆ ಬಿಸಿಲಲ್ಲಿ ಆಡಿ ಬಂದ ದಿನ, ಜ್ವರ ಬಂದ ದಿನ ಅಂಗೈ ಅಂಗಾಲು ಕೆಂಡದಂತೆ ಉರಿಯುತ್ತಿದೆ ಎಂದು ಅಳುತ್ತಿದ್ದ. ಬಾವಿಕಟ್ಟೆಯಲ್ಲಿ ಕೊಡಪಾನದಿಂದ ಕಾಲಿಗೆ ನೀರು ಸುರಿದುಕೊಳ್ಳುತ್ತಾ ಕೂರುತ್ತಿದ್ದ. ಮೈ ಉಷ್ಣವೆಂದು ಅಮ್ಮ ಪುನರ್ಪುಳಿ ಶರಬತ್ತು, ಲಾವಂಚದ ನೀರು ಕುಡಿಸಿದರು. ಆಟದ ಮೇಷ್ಟ್ರು ಸೋಗು ಎಂದರು. ಹೊಕ್ಕುಳಿನ ಸುತ್ತ, ತೊಡೆಯ ಮೇಲೆ ಕಡುಗೆಂಪು ಚುಕ್ಕೆಗಳೆದ್ದಾಗ ಮುಲಾಮು ಸಿಕ್ಕಿತು. ಸಂಧಿವಾತದ ಮಾತ್ರೆಗಳೂ ಆದವು.

33ನೇ ವಯಸ್ಸಿಗೆ ಎರಡೂ ಕಿಡ್ನಿ ಸೋತವು. ಕಾರಣ ಆಗಲೂ ತಿಳಿಯಲಿಲ್ಲ. ಸುಳಿವು ಹಿಡಿದವರು, ಕನ್ನಡಕ ಬದಲಿಸಲು ಹೋದಾಗ ಪರೀಕ್ಷಿಸಿದ ಕಣ್ಣಿನ ವೈದ್ಯೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ಸುಳಿಯಂತೆ ಹರಡಿದ ತೆಳು ಗೆರೆಗಳನ್ನು ನೋಡಿ, ಮೂತ್ರಪಿಂಡದ ವೈದ್ಯರಿಗೆ ಒಂದು ಚೀಟಿ ಬರೆದುಕೊಟ್ಟರು.

ಫ್ಯಾಬ್ರಿ ಕಾಯಿಲೆ. ಬೆವರದ ಮೈ, ಉರಿ, ಚುಕ್ಕೆ, ಸೋತ ಕಿಡ್ನಿ ಎಲ್ಲಕ್ಕೂ ಇದೇ ಕಾರಣ. 1898ರಲ್ಲೇ ಜರ್ಮನಿಯ ಯೊಹಾನೆಸ್ ಫ್ಯಾಬ್ರಿ ಮತ್ತು ಇಂಗ್ಲೆಂಡಿನ ವಿಲಿಯಂ ಆಂಡರ್ಸನ್ ಪರಸ್ಪರ ಅರಿಯದೆ ಇದನ್ನು ವಿವರಿಸಿದ್ದರು. ಆಲ್ಫಾ ಗ್ಯಾಲಕ್ಟೊಸಿಡೇಸ್ ಎಂಬ ಕಿಣ್ವದ ಕೊರತೆಯಿಂದ ಕರಗಬೇಕಾದ ಒಂದು ಬಗೆಯ ಕೊಬ್ಬು ಕರಗದೆ ಸಣ್ಣ ರಕ್ತನಾಳಗಳ ಒಳಗೋಡೆಯಲ್ಲಿ, ನರಗಳಲ್ಲಿ, ಕಿಡ್ನಿಯಲ್ಲಿ, ಹೃದಯದಲ್ಲಿ ವರ್ಷಾನುಗಟ್ಟಲೆ ಕೂಡಿಕೊಳ್ಳುತ್ತದೆ. ಎಳೆಯ ವಯಸ್ಸಿನಲ್ಲೇ ಪಾರ್ಶ್ವವಾಯು ಬಡಿಯುವುದೂ ಉಂಟು. ಕೊರತೆಯ ಕಿಣ್ವವನ್ನು ಎರಡು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಡುವ ಚಿಕಿತ್ಸೆ ಇದೆ, ಆದರೆ ಬೆಲೆ ನಮ್ಮಂಥವರ ಕೈಗೆಟುಕುವುದಲ್ಲ.

2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಫ್ಯಾಬ್ರಿಯ ಹೆಸರಿದೆ. ಗುರುತಿಸಿದ ಕೇಂದ್ರಗಳಲ್ಲಿ 50 ಲಕ್ಷ ರೂಪಾಯಿಯವರೆಗೆ ನೆರವೂ ಇದೆ. ಜತೆಗೆ ಒಂದು ಷರತ್ತು: ಅಂಗಾಂಗಗಳಿಗೆ ಗಣನೀಯ ಹಾನಿಯಾಗುವ ಮೊದಲೇ ರೋಗ ಪತ್ತೆಯಾಗಿರಬೇಕು. ತಮ್ಮನ ಅರ್ಜಿ ಇಲ್ಲಿಯೇ ಬಿದ್ದುಹೋಯಿತು.

ಷರತ್ತಿನ ಹಿಂದೆ ತರ್ಕವಿಲ್ಲವೆಂದು ನಾನು ಹೇಳುವುದಿಲ್ಲ. ಸತ್ತ ಕಿಡ್ನಿಯನ್ನು ಕಿಣ್ವ ಬದುಕಿಸದು. ಆದರೆ ಅವನಿಗೆ ಇನ್ನೂ ಹೃದಯವಿದೆ, ಮಿದುಳಿದೆ. ಬೇಗ ಪತ್ತೆಯಾಗಬೇಕೆನ್ನುವ ಸರ್ಕಾರ, ಬೇಗ ಪತ್ತೆ ಮಾಡಲು ನಮ್ಮ ಜಿಲ್ಲೆಯಲ್ಲಿ ಏನು ಇಟ್ಟಿದೆ?

ಇನ್ನೊಂದು ವಿಷಯ. ನಮ್ಮ ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ಮಾವನಿಂದ ಸೋದರಳಿಯನಿಗೆ ಬರುತ್ತಿತ್ತಲ್ಲ, ಈ ಕಾಯಿಲೆ ನಮ್ಮ ಮನೆಯಲ್ಲಿ ಹಿಡಿದದ್ದೂ ಅದೇ ದಾರಿ. ದೋಷ ಎಕ್ಸ್ ವರ್ಣತಂತುವಿನಲ್ಲಿದೆ. ಅಮ್ಮನಿಂದ ನನಗೆ, ನನ್ನಿಂದ ನನ್ನ ಹತ್ತು ವರ್ಷದ ಮಗನಿಗೆ. ಹೆಂಗಸರು ಬರೀ ದಾಟಿಸುವವರು ಎಂಬುದೂ ತಪ್ಪು, ನಮಗೂ ಕಾಯಿಲೆ ಬರುತ್ತದೆ. ಕಿಣ್ವದ ಪರೀಕ್ಷೆಯಲ್ಲಿ ನನ್ನ ಫಲಿತಾಂಶ ಸರಿಯಾಗಿಯೇ ಇತ್ತು, ಜೀನ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದೆ. ಮಗನಿಗೆ ಅಂಗಾಲು ಉರಿ ಶುರುವಾಗಿದೆ, ಅಂಗಗಳಿಗೆ ಹಾನಿಯಾಗಿಲ್ಲ. ಅಂದರೆ ಅವನು ಅರ್ಹ! ಮಾವನ ಕಿಡ್ನಿ ಹೋಗಿದ್ದರಿಂದ ಅಳಿಯನ ರೋಗ ಬೇಗ ಗೊತ್ತಾಯಿತು. ಆದರೆ ಚಿಕಿತ್ಸಾ ಕೇಂದ್ರ ಬೆಂಗಳೂರಿನಲ್ಲಿದೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದಾಗಲೂ ಎರಡು ವಾರಕ್ಕೊಮ್ಮೆ ಶಾಲೆ ತಪ್ಪಿಸಿ ಸುಮಾರು 350 ಕಿಲೋಮೀಟರ್ ದೂರ ಹೋಗಿಬರಬೇಕು.

ಬೆಂಗಳೂರಿನ ತಜ್ಞರ ಉಸ್ತುವಾರಿಯಲ್ಲಿ ಆ ಡ್ರಿಪ್ ಅನ್ನು ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಯಲ್ಲೇ ಹಾಕಿಸಲು ಸಾಧ್ಯವಾಗುವಂತೆ ಮಾಡಿ. ಜಿಲ್ಲೆಯ ಡಯಾಲಿಸಿಸ್ ಘಟಕಗಳಲ್ಲಿ ಕಾರಣ ತಿಳಿಯದೆ ಕಿಡ್ನಿ ಕಳೆದುಕೊಂಡವರ ರಕ್ತದಲ್ಲಿ ಈ ಕಿಣ್ವದ ಪರೀಕ್ಷೆಯಾಗಲಿ. ಕಾಗದದ ಮೇಲೆ ಒಣಗಿಸಿದ ಕೆಲವು ಹನಿ ಸಾಕು, ಅಂಚೆಯಲ್ಲೇ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಹೆಂಗಸರಿಗೆ ಮಾತ್ರ ಜೀನ್ ಪರೀಕ್ಷೆಯೂ ಬೇಕು. ಒಬ್ಬರಲ್ಲಿ ಸಿಕ್ಕರೆ ಇಡೀ ಕುಟುಂಬದಲ್ಲಿ ಹುಡುಕಬಹುದು. ಲೋಕಸಭೆಯಲ್ಲಿ ನೀವು ಎರಡು ಪ್ರಶ್ನೆ ಕೇಳಬೇಕು: 'ಗಣನೀಯ' ಹಾನಿ ಎಂದರೆ ಎಷ್ಟು, ಅದನ್ನು ಅಳೆಯುವವರು ಯಾರು? ಜೀವನಪೂರ್ತಿ ಬೇಕಾದ ಔಷಧಿಗೆ 50 ಲಕ್ಷ ಮುಗಿದ ಮರುದಿನ ಮಗು ಎಲ್ಲಿಗೆ ಹೋಗಬೇಕು?

ದಾಖಲೆಗಳ ಪ್ರತಿಯನ್ನು ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಮಂಗಳವಾರ, ಗುರುವಾರ, ಶನಿವಾರ ತಮ್ಮನಿಗೆ ಡಯಾಲಿಸಿಸ್ ಇರುತ್ತದೆ. ಬೇರೆ ಯಾವ ದಿನ ಕರೆದರೂ ಅವನನ್ನೂ ಕರೆದುಕೊಂಡು ಬರುತ್ತೇನೆ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು
ಮಂಗಳೂರು