ನಿನ್ನ ಕರಡಿಯ ವಿಷಯಕ್ಕೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಟೋಪಿ, ಸ್ಕಾರ್ಫು ಹೆಣೆದದ್ದು ಸಾಕು, ಇನ್ನು ನನ್ನದೇ ಒಂದು ಕರಡಿ ಮಾಡಬೇಕು ಅಂತ ಬರೆದಿದ್ದೀಯ. ಜೊತೆಗೆ ಒಂದು ಅನುಮಾನವನ್ನೂ ಸೇರಿಸಿದ್ದೀಯ. ಉಲ್ಲನ್ ಗೊಂಬೆಯಲ್ಲಿ ಹೊಸದಾಗಿ ವಿನ್ಯಾಸ ಮಾಡೋಕೆ ಏನಿದೆ, ಎಲ್ಲ ಕರಡಿಯೂ ಒಂದೇ ಥರ ಅಲ್ವಾ ಅಂತ. ಇಲ್ಲ ಕಣೋ. ನನ್ನ ದಿನವೆಲ್ಲ ಕಳೆಯುವುದು ಇದರಲ್ಲೇ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮ ಕೈಯಲ್ಲಿರುವುದು ಎರಡೇ ಉಪಾಯ. ಕಡ್ಡಿಯ ಮೇಲೆ ಒಂದು ಕುಣಿಕೆ ಹೆಚ್ಚಿಸುವುದು, ಇಲ್ಲವೇ ಎರಡನ್ನು ಸೇರಿಸಿ ಒಂದು ಮಾಡುವುದು. ಮೂತಿ, ಹೊಟ್ಟೆ, ಬಾಲ ಎಲ್ಲವೂ ಹುಟ್ಟುವುದು ಹೆಚ್ಚುಕಡಿಮೆ ಇದರಿಂದಲೇ. ನಡುವಿನಿಂದ ಶುರು ಮಾಡಿ ಸುತ್ತಲೂ ಹೆಣೆಯುವಾಗ, ಎರಡು ಸುತ್ತಿಗೊಮ್ಮೆ 8 ಕುಣಿಕೆ ಹೆಚ್ಚಿಸುತ್ತಾ ಹೋದರೆ ಸುಮಾರಾಗಿ ಚಪ್ಪಟೆ ಬಿಲ್ಲೆ ಬರುತ್ತದೆ. ಬರೀ 4 ಹೆಚ್ಚಿಸು, ಅದು ಮೇಲೆದ್ದು ಚೂಪಾಗುತ್ತದೆ. ನರಿಯ ಮೂತಿ ಸಿಕ್ಕಿತು. 16 ಹೆಚ್ಚಿಸು, ಅಂಚಿಗೆ ಜಾಗ ಸಾಲದೆ ನೆರಿಗೆ ಕಟ್ಟುತ್ತದೆ. ಸಿಂಹದ ಜೂಲಿಗೆ ನನಗೆ ಬೇಕಾಗಿದ್ದು ಅದೇ. ಗಣಿತದವರಿಗೂ ಈ ನೆರಿಗೆ ಉಪಯೋಗಕ್ಕೆ ಬಂದಿದೆ ಗೊತ್ತಾ? 1997ರಲ್ಲಿ ಡೈನಾ ತೈಮಿನಾ ಎಂಬ ಗಣಿತಜ್ಞೆ ಇಂಥದ್ದೇ ನೆರಿಗೆಯನ್ನು ಕ್ರೋಶಾದಲ್ಲಿ, ಅಂದರೆ ಕೊಕ್ಕೆಕಡ್ಡಿಯಲ್ಲಿ, ಹೆಣೆದರು. ಕಾಗದದ ಮೇಲೆ ತೋರಿಸಲು ಕಷ್ಟವಾದ ಹೈಪರ್ಬೋಲಿಕ್ ಸಮತಲವನ್ನು, ಅಂದರೆ ಎಲ್ಲ ಕಡೆಯೂ ಹೀಗೇ ನೆರಿಗೆಯಾಗಿ ಹಬ್ಬುವ ಮೇಲ್ಮೈಯನ್ನು, ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ನೋಡುವಂತಾಯಿತು. ಈ ಸಂಗತಿ ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಇನ್ನೊಂದು ಲೆಕ್ಕವನ್ನು ಮೊದಲೇ ತಿಳಿದುಕೊ. ನಮ್ಮ ಕುಣಿಕೆ ಚೌಕವಲ್ಲ, ಎತ್ತರಕ್ಕಿಂತ ಅಗಲ ಜಾಸ್ತಿ. ಸಾದಾ ಹೆಣಿಗೆಯಲ್ಲಿ 5 ಕುಣಿಕೆಯ ಅಗಲಕ್ಕೆ ಸರಿಯಾಗಿ ಎತ್ತರ ಬರಬೇಕಾದರೆ ಸುಮಾರು 7 ಸಾಲು ಬೇಕು. ಚೌಕುಳಿ ಹಾಳೆಯಲ್ಲಿ ಮುದ್ದಾದ ದುಂಡು ಮುಖ ಬರೆದು ಹಾಗೆಯೇ ಹೆಣೆದರೆ ಅದು ಕುಗ್ಗಿ ಅಡ್ಡಗಲವಾಗುತ್ತದೆ. ಅದಕ್ಕೇ ನಾನು ಚಿತ್ರದಲ್ಲಿ ಹೊರಗೆರೆ ಮಾತ್ರ ಬರೆಯುತ್ತೇನೆ. ಒಳಗಿನದು ಕಡ್ಡಿಯ ಮೇಲೆ ತೀರ್ಮಾನವಾಗಲಿ. ಹೆಣೆ, ಹತ್ತಿ ತುಂಬು, ದೂರ ಇಟ್ಟು ನೋಡು, ಬಿಚ್ಚು. ಬಿಚ್ಚುವುದು ಈ ಕೆಲಸದ ಅರ್ಧ ಭಾಗ, ಅದಕ್ಕೆ ಬೇಸರ ಪಡಬೇಡ. ಬಿಚ್ಚಿದ ಉಲ್ಲನ್ ಸುರುಳಿ ಸುರುಳಿಯಾಗಿರುತ್ತದೆ. ಲಡಿ ಕಟ್ಟಿ ನೀರಲ್ಲಿ ನೆನೆಸಿ ಒಣಗಿಸಿದರೆ ಮತ್ತೆ ನೆಟ್ಟಗಾಗುತ್ತದೆ.

ಕಡ್ಡಿ ಸಣ್ಣದಿರಲಿ. 4 ಮಿಲಿಮೀಟರ್ ಕಡ್ಡಿಯಲ್ಲಿ ಸ್ವೆಟರ್ ಹಾಕುವ ದಾರವನ್ನು ಗೊಂಬೆಗೆ 3 ಮಿಲಿಮೀಟರಿನಲ್ಲಿ ಹೆಣೆಯಬೇಕು. ತುಂಬಿದ ಮೇಲೆ ಹೆಣಿಗೆ ಹಿಗ್ಗುತ್ತದೆ. ಸಡಿಲವಾಗಿದ್ದರೆ ಒಳಗಿನ ಬಿಳಿ ಹತ್ತಿ ಇಣುಕುತ್ತದೆ. ಹತ್ತಿಯನ್ನು ಉಂಡೆ ಮಾಡಿ ತುರುಕಬೇಡ, ಚೂರು ಚೂರೇ ಬಿಡಿಸಿ ತುಂಬು. ಕತ್ತಿನ ಹತ್ತಿರ ಮಾತ್ರ ಗಟ್ಟಿಯಾಗಿರಲಿ. ಗೊಂಬೆ ಮೊದಲು ಸೋಲುವುದು ಕತ್ತಿನಲ್ಲೇ. ಮಕ್ಕಳು ಎತ್ತಿಕೊಳ್ಳುವುದೂ ಅಲ್ಲೇ ಹಿಡಿದು ಅಲ್ವಾ? ತಲೆ, ಮೈ ಬೇರೆ ಬೇರೆ ಹೆಣೆದು ಹೊಲಿಯುವುದಕ್ಕಿಂತ ಒಂದೇ ತುಂಡಾಗಿ ಹೆಣೆಯುವುದು ನನಗೆ ಇಷ್ಟ.

ಈಗ ಕಣ್ಣು. ಇಲ್ಲಿಗೆ ಬಂದಾಗ ನಾನು ಬೇರೆಲ್ಲ ಕೆಲಸ ಬದಿಗಿಡುತ್ತೇನೆ. ಹೊಲಿಯುವ ಮೊದಲು ಕಪ್ಪು ತಲೆಯ ಎರಡು ಗುಂಡುಪಿನ್ನು ಚುಚ್ಚಿ ನೋಡುತ್ತೇನೆ. ಮುಖದ ನಡುಮಟ್ಟಕ್ಕಿಂತ ಮೇಲೆ, ಒಂದಕ್ಕೊಂದು ಹತ್ತಿರ ಚುಚ್ಚಿದರೆ ಕರಡಿ ದೊಡ್ಡವರ ಹಾಗೆ ಗಂಭೀರವಾಗುತ್ತದೆ. ಎರಡು ಸಾಲು ಕೆಳಗಿಳಿಸು, ಒಂದೊಂದು ಕುಣಿಕೆ ಆಚೆ ಸರಿಸು, ಅದೇ ಮುಖ ಮಗುವಾಗುತ್ತದೆ. ದೊಡ್ಡ ಹಣೆ, ಕೆಳಗಿರುವ ಕಣ್ಣು, ತುಂಬಿದ ಕೆನ್ನೆ ಕಂಡರೆ ನಮಗೆ ಮುದ್ದು ಉಕ್ಕುತ್ತದೆ ಅಂತ ಪ್ರಾಣಿಗಳ ನಡವಳಿಕೆ ಅಭ್ಯಾಸ ಮಾಡಿದ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1943ರಲ್ಲೇ ಬರೆದಿದ್ದರು. ಅದು ನಿಜ ಅನ್ನುವುದಕ್ಕೆ ನನಗೆ ಈ ಎರಡು ಪಿನ್ನೇ ಸಾಕ್ಷಿ. ಜಾಗ ಗೊತ್ತಾದ ಮೇಲೆ ಅಲ್ಲಿ ಬಣ್ಣದ ದಾರದ ಗುರುತು ಹಾಕಿ ಪಿನ್ನು ತೆಗೆದುಬಿಡು, ಎಣಿಸಿಯೇ ತೆಗೆ. ಪುಟ್ಟ ಮಕ್ಕಳ ಗೊಂಬೆಗೆ ಮಣಿ, ಗುಂಡಿ ಖಂಡಿತ ಬೇಡ, ಕಸೂತಿಯ ಕಣ್ಣೇ ಸರಿ. ಕಳಚಿಬಂದ ಮಣಿ ಗಂಟಲಿಗೆ ಹೋದರೆ ಮಗುವಿನ ಉಸಿರೇ ಕಟ್ಟುತ್ತದೆ. 3 ವರ್ಷದೊಳಗಿನ ಮಕ್ಕಳ ಆಟಿಕೆಯಿಂದ ಸಣ್ಣ ಭಾಗ ಕಳಚಿ ಬರಬಾರದು ಅಂತ ಯುರೋಪಿನ ಇಎನ್ 71 ಮಾನದಂಡವೂ ಹೇಳುತ್ತದೆ. ಚಂದಕ್ಕಾಗಿ ಈ ವಿಷಯದಲ್ಲಿ ರಾಜಿ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇಷ್ಟಾದರೆ ಗೊಂಬೆ ಆಯಿತು. ವಿನ್ಯಾಸ ಇನ್ನೂ ಆಗಿಲ್ಲ. ನನ್ನ ಮೇಜಿನ ಮೇಲೆ ಕೂತಿರುವ ಕರಡಿ ನನ್ನೊಬ್ಬನ ಕರಡಿ. ಅದನ್ನು ಇನ್ನೊಬ್ಬರ ಕೈಯಲ್ಲಿ ಹುಟ್ಟುವಂತೆ ಬರೆದಾಗ ಮಾತ್ರ ಅದು ವಿನ್ಯಾಸ. ಬರೆಯುವ ಈ ಕೆಲಸ ನಿಧಾನದ್ದು. 'ಎರಡು ಕುಣಿಕೆ ಸೇರಿಸಿ' ಅಂದರೆ ಸಾಲದು, ಸೇರಿದ ಕುಣಿಕೆ ಯಾವ ಕಡೆ ವಾಲಬೇಕು ಅಂತ ಹೇಳಬೇಕು. ಮೂಗಿನ ಒಂದು ಪಕ್ಕದಲ್ಲಿ ಬಲಕ್ಕೆ, ಇನ್ನೊಂದು ಪಕ್ಕದಲ್ಲಿ ಎಡಕ್ಕೆ ವಾಲಿದರೆ ಮುಖ ಸಮವಾಗಿ ಕಾಣುತ್ತದೆ. ಎರಡೂ ಒಂದೇ ಕಡೆ ವಾಲಿದರೆ ಮೂತಿ ಸೊಟ್ಟಗೆ ಕಾಣುತ್ತದೆ. ಪ್ರತಿ ಸಾಲಿನ ಕೊನೆಯಲ್ಲಿ ಕಡ್ಡಿಯ ಮೇಲೆ ಎಷ್ಟು ಕುಣಿಕೆ ಉಳಿದಿರಬೇಕು ಅಂತ ಬರೆಯಬೇಕು. ಆಮೇಲೆ ಅದನ್ನು ಪರೀಕ್ಷೆಗೆ ಹೆಣೆಯುವವರಿಗೆ ಕೊಡುತ್ತೇನೆ. ಅವರ ಕೈಯಿಂದ ಬಂದ ಕರಡಿಗಳನ್ನು ಸಾಲಾಗಿ ಇಟ್ಟು ನೋಡಬೇಕು ಕಣೋ! ಲೆಕ್ಕ ಎಲ್ಲದಕ್ಕೂ ಒಂದೇ, ಆದರೂ ಒಂದು ನಾಚಿಕೊಂಡಿರುತ್ತದೆ, ಇನ್ನೊಂದು ತುಂಟನ ಹಾಗಿರುತ್ತದೆ. ಯಾರೋ ದಾರವನ್ನು ಬಿಗಿಯಾಗಿ ಹಿಡಿದಿರುತ್ತಾರೆ, ಯಾರೋ ಕೆನ್ನೆಗೆ ಒಂದು ಚಿಟಿಕೆ ಹತ್ತಿ ಜಾಸ್ತಿ ಹಾಕಿರುತ್ತಾರೆ. 2007ರಲ್ಲಿ ಹೆಣಿಗೆಯವರ ಜಾಲತಾಣ ರಾವೆಲ್ರಿ ಶುರುವಾದ ಮೇಲಂತೂ ನಮ್ಮಂಥ ಒಂಟಿ ವಿನ್ಯಾಸಕರ ಬರಹ ಸೀದಾ ಹೆಣೆಯುವವರ ಕೈಗೆ ಹೋಗುವುದು ಸುಲಭವಾಗಿದೆ. ನಾನು ಕಂದು ಬಣ್ಣ ಅಂತ ಬರೆದಿದ್ದನ್ನು ಯಾರೋ ಹಸಿರು ಮಾಡಿ ಫೋಟೊ ಕಳಿಸುತ್ತಾರೆ. ನನಗೆ ಅದೇ ಇಷ್ಟ.

ಹಾಗಾಗಿ ಎಲ್ಲ ಕರಡಿಯೂ ಒಂದೇ ಥರ ಅನ್ನಬೇಡ. ತೆಳು ಬಣ್ಣದ ದಾರ ತಗೊ, ಕುಣಿಕೆ ಎಣಿಸಲು ಸುಲಭ. ಮೊದಲು ತಲೆ ಮಾತ್ರ ಹೆಣೆ. ಪಕ್ಕದಲ್ಲಿ ಪುಸ್ತಕ ಇಟ್ಟುಕೊಂಡು ಪ್ರತಿ ಸಾಲನ್ನೂ ಆಗಿಂದಾಗಲೇ ಬರೆದುಕೊ, ಆಮೇಲೆ ನೆನಪಿರುವುದಿಲ್ಲ. ಮುಗಿದ ಮೇಲೆ ಕರಡಿಯ ಫೋಟೊ ಕಳಿಸಬೇಡ, ಬರೆದ ಹಾಳೆ ಮಾತ್ರ ಕಳಿಸು. ಅದನ್ನು ನೋಡಿಕೊಂಡು ನಾನು ಇಲ್ಲಿ ಹೆಣೆಯುತ್ತೇನೆ. ಎಲ್ಲಿ ಅರ್ಥವಾಗಲಿಲ್ಲ ಅಂತ ಸಾಲಿನ ಸಮೇತ ಬರೆದು ಕಳಿಸುತ್ತೇನೆ. ಕಿವಿ ಎಲ್ಲಿ ಕೂರಬೇಕು ಅನ್ನುವುದನ್ನು ಮರೆಯದೆ ಬರಿ, ಎಲ್ಲರೂ ಬಿಡುವುದು ಅದನ್ನೇ.

ಇಂತಿ,
ನಿನ್ನ ಗೆಳೆಯ