ಉರಿಯುವ ಪಾದಕ್ಕೆ ಬಿಸಿನೀರು ಬೇಡ

ಮಾನ್ಯರೇ,

ಮಳೆ ಹಿಡಿದರೆ ಸಾಕು, ಕರಾವಳಿಯ ಮನೆಗಳಲ್ಲಿ ಸಂಜೆ ಬಚ್ಚಲ ಹಂಡೆಯಿಂದ ಒಂದು ಬಾಲ್ದಿ ಬಿಸಿನೀರು ಜಗಲಿಗೆ ಬರುತ್ತದೆ. ಒಂದು ಹಿಡಿ ಕಲ್ಲುಪ್ಪು ಬೀಳುತ್ತದೆ, ಹಿರಿಯರ ಕಾಲು ಅದರೊಳಗೆ ಇಳಿಯುತ್ತದೆ. ಗದ್ದೆಯಲ್ಲೋ ಅಂಗಡಿಯಲ್ಲೋ ನಿಂತು ದಣಿದ ಕಾಲಿಗೆ ಇದು ಹಿತವೇ. ಆದರೆ ಸಕ್ಕರೆ ಕಾಯಿಲೆಯಿಂದ ಪಾದ ಉರಿಯುವವರಿಗೆ, ಸೂಜಿ ಚುಚ್ಚಿದಂತೆ, ಇರುವೆ ಹರಿದಂತೆ ಆಗುವವರಿಗೆ ಇದೇ ಉಪಚಾರ ಹುಣ್ಣಿನ ದಾರಿ. ಬಿಸಿ ಮತ್ತು ನೋವನ್ನು ತಿಳಿಸುವ ಸಣ್ಣ ನರಗಳು ಕೆಟ್ಟಾಗ ಏನೂ ಇಲ್ಲದಿದ್ದರೂ ಉರಿ ಉರಿ ಎನ್ನುತ್ತವೆ. ನಿಜವಾದ ಬಿಸಿ ತಾಗಿದಾಗ ಸುಮ್ಮನಿರುತ್ತವೆ. 60 ಡಿಗ್ರಿ ಸೆಲ್ಸಿಯಸ್ ನೀರಿಗೆ ದೊಡ್ಡವರ ಚರ್ಮ ಆಳವಾಗಿ ಸುಡಲು ಐದಾರು ಸೆಕೆಂಡು ಸಾಕು, 50 ಡಿಗ್ರಿಗೆ ಸುಮಾರು ಐದು ನಿಮಿಷ. ಹಂಡೆಯ ನೀರು ಎಷ್ಟು ಡಿಗ್ರಿ ಎಂದು ಯಾರೂ ಅಳೆಯುವುದಿಲ್ಲ. "ಉಗುರು ಬೆಚ್ಚಗಿದೆ" ಎಂದು ಹೇಳುವವರು ಅದನ್ನು ನೋಡಿದ್ದೂ ಅದೇ ಕಾಲಿನಲ್ಲಿ!

ಆದ್ದರಿಂದ ಡಾಕ್ಟರ ಚೀಟಿಯಿಲ್ಲದೆ ಮನೆಯಲ್ಲೇ ನರದ ನೋವು ನೋಡಿಕೊಳ್ಳುತ್ತೇವೆ ಎನ್ನುವವರು ಮೊದಲು ಸ್ಪರ್ಶ ಇದೆಯೇ ನೋಡಿಕೊಳ್ಳಬೇಕು. ಇದಕ್ಕೆ ಉಪಕರಣ ಬೇಡ. ನೋವಿರುವವರು ಅಂಗಾತ ಮಲಗಿ ಕಣ್ಣು ಮುಚ್ಚಲಿ. ಮನೆಯವರೊಬ್ಬರು ತೋರುಬೆರಳ ತುದಿಯಿಂದ ಹೆಬ್ಬೆರಳು, ನಡುವಿನ ಬೆರಳು, ಕಿರುಬೆರಳಿನ ತುದಿಗಳನ್ನು, ಎರಡೂ ಕಾಲಿನಲ್ಲಿ, ಒಂದೆರಡು ಸೆಕೆಂಡು ಮೆಲ್ಲನೆ ಮುಟ್ಟಬೇಕು. ಒತ್ತಬಾರದು, ಸವರಬಾರದು, ಕಚಗುಳಿ ಇಡಬಾರದು. ಮುಟ್ಟಿದಾಗ ಅವರು ಬಲ, ಎಡ ಎಂದು ಹೇಳಬೇಕು. ಆರು ಬೆರಳಲ್ಲಿ ಎರಡೋ ಹೆಚ್ಚೋ ತಪ್ಪಿದರೆ ಸ್ಪರ್ಶ ಕಮ್ಮಿಯಾಗಿದೆ ಎಂದೇ ಲೆಕ್ಕ. ಇಪ್ಸ್‌ವಿಚ್ ಟಚ್ ಟೆಸ್ಟ್ ಎಂದು ಇದರ ಹೆಸರು. ತಪ್ಪಿದ ಬೆರಳನ್ನು ಮತ್ತೊಮ್ಮೆ ಮುಟ್ಟಿ "ಈಗ ಗೊತ್ತಾಯ್ತಾ ಅಮ್ಮ?" ಎಂದು ಕೇಳಿದರೆ ಪರೀಕ್ಷೆ ಕೆಟ್ಟಿತು; ಪಾಪ, ಅವರು ಹೌದು ಎಂದೇ ಹೇಳುತ್ತಾರೆ.

ಸ್ಪರ್ಶ ತಪ್ಪಿದವರಿಗೆ ಬಿಸಿನೀರು, ಹಾಟ್ ಬ್ಯಾಗ್, ಬಿಸಿ ಎಣ್ಣೆ ಯಾವುದೂ ಬೇಡ. ಹಾಗೆಂದು ಐಸ್ ಕೂಡ ಬೇಡ. ಸ್ಪರ್ಶವಿಲ್ಲದ ಚರ್ಮಕ್ಕೆ ಅದೂ ಗಾಯ ಮಾಡುತ್ತದೆ. ನಲ್ಲಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಪಾದದ ಮೇಲೆ ಹಾಕಿ, ಆಮೇಲೆ ಬೆರಳ ಸಂದಿಯನ್ನೂ ಬಿಡದೆ ಒರೆಸಿ. ನಮ್ಮ ಮಳೆಗಾಲದಲ್ಲಿ ಆ ಸಂದಿ ಒದ್ದೆಯಾಗಿ ಉಳಿದರೆ ಕೊಳೆಯುತ್ತದೆ. ರಾತ್ರಿ ಹೊದಿಕೆ ತಾಗಿದರೂ ಉರಿಯುವವರು ಬಾಯಿ ತೆರೆದ ರಟ್ಟಿನ ಪೆಟ್ಟಿಗೆಯೊಂದರ ಒಂದು ಬದಿ ಕತ್ತರಿಸಿ ಹಾಸಿಗೆಯ ಕಾಲ ಬುಡದಲ್ಲಿ ಕವುಚಿಡಿ. ಪಾದ ಅದರೊಳಗೆ, ಹೊದಿಕೆ ಅದರ ಮೇಲೆ. ಬಟ್ಟೆ ಚರ್ಮಕ್ಕೆ ಉಜ್ಜುವುದು ನಿಂತರೆ ಅರ್ಧ ನಿದ್ದೆ ಬಂದಂತೆ.

ಬರಿಗಾಲಲ್ಲಿ ಮಲ್ಪೆ ಅಥವಾ ಪಣಂಬೂರಿನ ಮರಳಲ್ಲಿ ನಡೆದರೆ ನರ ಚುರುಕಾಗುತ್ತದೆ ಎಂಬ ವಾಟ್ಸಾಪ್ ಸಲಹೆ ಇಂಥವರಿಗಲ್ಲ. ಮಧ್ಯಾಹ್ನದ ಮರಳು ಸುಡುತ್ತದೆ, ಚಿಪ್ಪು ಕೊಯ್ಯುತ್ತದೆ, ಎರಡೂ ಗೊತ್ತಾಗುವುದಿಲ್ಲ. ನಡಿಗೆ ಬೇಕು, ವಾರಕ್ಕೆ 150 ನಿಮಿಷ. ಹಿಂಬದಿ ಪಟ್ಟಿಯಿರುವ ಚಪ್ಪಲಿಯಲ್ಲೋ ಶೂಗಳಲ್ಲೋ ನಡೆಯಿರಿ. ಹವಾಯಿ ಚಪ್ಪಲಿ ಜಾರಿ ಹೋದದ್ದು ಗೊತ್ತಾಗದೆ ಹತ್ತು ಹೆಜ್ಜೆ ಹೋಗುವವರಿದ್ದಾರೆ. ಹಾಕುವ ಮೊದಲು ಶೂ ಒಳಗೆ ಕೈ ಹಾಕಿ ಕಲ್ಲು ಇದೆಯೇ ನೋಡಬೇಕು. ರಥಬೀದಿಯಲ್ಲಿ ಪ್ರದಕ್ಷಿಣೆ ಬರುವವರು ನೆಲ ಕಾಯುವ ಮೊದಲೇ, ಬೆಳಿಗ್ಗೆ ಬರಲಿ.

ಹಚ್ಚುವುದರಲ್ಲಿ ಸ್ವಲ್ಪ ಗುಣ ಕಂಡದ್ದು ಮೆಣಸಿನ ಖಾರದ ಅಂಶವಾದ ಕ್ಯಾಪ್ಸೈಸಿನ್ ಮುಲಾಮು, 0.075 ಶೇಕಡಾದ್ದು. ಕಡಲೆಯಷ್ಟು ತೆಗೆದು ದಿನಕ್ಕೆ ಮೂರು-ನಾಲ್ಕು ಬಾರಿ ತೆಳ್ಳಗೆ ಹಚ್ಚಬೇಕು, ಕೈಗೆ ಗ್ಲೌಸ್ ಹಾಕಿ. ಮೊದಲ ಒಂದೆರಡು ವಾರ ಉರಿ ಹೆಚ್ಚೇ ಆಗುತ್ತದೆ. ಹೆಚ್ಚಿನವರು ಸೋಲುವುದು ಇಲ್ಲಿಯೇ: ಮೂರು ದಿನ ಹಚ್ಚಿ, ಉರಿಯಿತೆಂದು ಎರಡು ದಿನ ಬಿಟ್ಟು, ಮತ್ತೆ ಶುರು ಮಾಡಿದರೆ ಮೊದಲ ದಿನದ ಉರಿಯೇ ಮರಳಿ ಬರುತ್ತದೆ. ಗುಣ ತಿಳಿಯಲು ನಾಲ್ಕರಿಂದ ಆರು ವಾರ ಬೇಕು. ಸ್ನಾನದ ಹಿಂದೆ ಮುಂದೆ ಹಚ್ಚಬೇಡಿ, ಒಡೆದ ಹಿಮ್ಮಡಿಗೆ ಹಚ್ಚಲೇಬೇಡಿ. ಕೈಗೆ ತಾಗಿದರೆ ಬರೀ ನೀರಿಗೆ ಹೋಗದು. ಮೊದಲು ತೆಂಗಿನೆಣ್ಣೆ ಉಜ್ಜಿ, ಆಮೇಲೆ ಸೋಪು ಹಾಕಿ. ಮನೆಯಲ್ಲಿ ಮೆಣಸು ಅರೆದು ಎಣ್ಣೆ ಕಾಯಿಸುವ ಸಾಹಸ ಬೇಡ. ಬ್ಯಾಡಗಿಯಲ್ಲಿ ಬಣ್ಣವೇ ಜಾಸ್ತಿ, ಗುಂಟೂರಿನಲ್ಲಿ ಖಾರ ಎಷ್ಟೆಂದು ಹೇಳುವಂತಿಲ್ಲ.

ಇನ್ನು ಕೈ. ತಡ್ಪೆ (ಮೊರ) ಮಡಿಲಲ್ಲಿಟ್ಟು ದಿನವಿಡೀ ಬೀಡಿ ಕಟ್ಟುವವರು, ಮೀನು ಕೊಯ್ಯುವವರು ನಡುರಾತ್ರಿ ಎದ್ದು ಕೈ ಕೊಡಹುತ್ತಾರೆ. ಹೆಬ್ಬೆರಳು, ತೋರು, ನಡು, ಉಂಗುರ ಬೆರಳಿನ ಅರ್ಧ ಜೋಮು ಹಿಡಿದು ಕಿರುಬೆರಳು ಸರಿಯಿದ್ದರೆ, ಬಹುಪಾಲು ಅದು ಮಣಿಗಂಟಿನಲ್ಲಿ ನರ ಒತ್ತಿಹೋದದ್ದು. ಇದಕ್ಕೆ ಮೊದಲ ಉಪಚಾರ ರಾತ್ರಿ ಕಟ್ಟುವ ಸ್ಪ್ಲಿಂಟ್ (ಮಣಿಗಂಟು ಬಗ್ಗದಂತೆ ಹಿಡಿಯುವ ಕಟ್ಟು), ಕನಿಷ್ಠ ಆರು ವಾರ. ಎಡವಟ್ಟು ಎಲ್ಲಿ ಎಂದರೆ, ಮೆಡಿಕಲ್‌ನಲ್ಲಿ ಸಿಗುವ ಸ್ಪ್ಲಿಂಟ್‌ಗಳಲ್ಲಿ ಹೆಚ್ಚಿನವುಗಳ ಒಳಗಿನ ಅಲ್ಯೂಮಿನಿಯಂ ಪಟ್ಟಿ ಕೈಯನ್ನು 20-30 ಡಿಗ್ರಿ ಮೇಲಕ್ಕೆ ಬಗ್ಗಿಸಿ ಇಡುತ್ತದೆ. ಹಾಗೆ ಬಗ್ಗಿದರೆ ನರದ ಮೇಲಿನ ಒತ್ತಡ ಏರುತ್ತದೆ. ಹೊಲಿಗೆಯ ಸಂದಿಯಿಂದ ಪಟ್ಟಿ ಹೊರಗೆಳೆದು, ಮೇಜಿನ ಮೇಲಿಟ್ಟು ನೇರ ಮಾಡಿ, ಮತ್ತೆ ತೂರಿಸಿ. ಕೈ ಮತ್ತು ಮುಂಗೈ ಒಂದೇ ಗೆರೆಯಲ್ಲಿರಬೇಕು. ಮೇಲೆ ಬಿಗಿಯುವ ಬಟ್ಟೆಪಟ್ಟಿಯಡಿ ಒಂದು ಬೆರಳು ತೂರುವಷ್ಟು ಸಡಿಲ ಇರಲಿ. ಹೆಬ್ಬೆರಳ ಬುಡದ ಮಾಂಸ ಇಳಿದಿದ್ದರೆ ಸ್ಪ್ಲಿಂಟ್ ನೆಚ್ಚಿ ಕೂರಬೇಡಿ, ಡಾಕ್ಟರಲ್ಲಿಗೆ ಹೋಗಿ.

ಸೊಂಟದಿಂದ ಕಾಲಿಗೆ ಇಳಿಯುವ ನೋವಿಗೆ ಕಾಲು ಚಾಚಿ ಹಿಡಿದು ಎಳೆಯುವುದು ತಪ್ಪು. ಕೆರಳಿದ ನರ ಇನ್ನೂ ಕೆರಳುತ್ತದೆ. ಕುರ್ಚಿಯಲ್ಲಿ ಕೂತು ಮಂಡಿ ನೇರ ಮಾಡುವಾಗ ತಲೆ ಎತ್ತಿ, ಮಡಚುವಾಗ ಗಲ್ಲ ಎದೆಗೆ ತನ್ನಿ. ನಿಲ್ಲಿಸದೆ ಹತ್ತು ಸಲ, ದಿನಕ್ಕೆ ಎರಡು-ಮೂರು ಹೊತ್ತು. ನರ ಜಾರಬೇಕು, ಬಿಗಿಯಬಾರದು. ಟೆನ್ಸ್ ಯಂತ್ರ (ಚರ್ಮಕ್ಕೆ ಪ್ಯಾಡು ಅಂಟಿಸಿ ಸಣ್ಣ ವಿದ್ಯುತ್ ಹಾಯಿಸಿ ನೋವು ತಗ್ಗಿಸುವಂಥದ್ದು) ಇದ್ದವರು 80ರಿಂದ 100 ಹರ್ಟ್ಸ್‌ನಲ್ಲಿ 20-30 ನಿಮಿಷ ಹಾಕಬಹುದು. ಪ್ಯಾಡು ಸ್ಪರ್ಶ ಇರುವ ಚರ್ಮದ ಮೇಲೆಯೇ ಇರಬೇಕು. ಪೇಸ್‌ಮೇಕರ್ ಇರುವವರಿಗೆ, ಗರ್ಭಿಣಿಯರಿಗೆ ಬೇಡ.

ಮೆಡಿಕಲ್ ಶಾಪಿನವರಲ್ಲಿ ಒಂದು ತಕರಾರು. ನರ ಎಂದ ಕೂಡಲೇ ಬಿ-ಕಾಂಪ್ಲೆಕ್ಸ್ ಪಟ್ಟಿ ಕೈಗಿಡುತ್ತೀರಿ. ಅವುಗಳಲ್ಲಿ ಕೆಲವದರಲ್ಲಿ ಬಿ6, ಅಂದರೆ ಪಿರಿಡಾಕ್ಸಿನ್, 100 ಮಿಲಿಗ್ರಾಂವರೆಗೂ ಇರುತ್ತದೆ. ದೇಹಕ್ಕೆ ದಿನಕ್ಕೆ ಬೇಕಾದ್ದು ಸುಮಾರು 2 ಮಿಲಿಗ್ರಾಂ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ದಿನದ ಗರಿಷ್ಠ ಮಿತಿಯನ್ನು 12 ಮಿಲಿಗ್ರಾಂಗೆ ಇಳಿಸಿತು. ಕಾರಣ, ತಿಂಗಳುಗಟ್ಟಲೆ ಹೆಚ್ಚು ಬಿ6 ತಿಂದರೆ ಅದೇ ಪಾದ ಮರಗಟ್ಟಿಸುತ್ತದೆ. ಜೋಮಿಗೆ ಮಾತ್ರೆ, ಮಾತ್ರೆಯಿಂದ ಜೋಮು, ಜೋಮಿಗೆ ಇನ್ನೊಂದು ಮಾತ್ರೆ! ನಿಜಕ್ಕೂ ನೋಡಬೇಕಾದ್ದು ಬಿ12. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಸಸ್ಯಾಹಾರಿಗಳಲ್ಲಿ ಅದು ಇಳಿಯುತ್ತದೆ. ಆ ಮಾತ್ರೆ ನುಂಗದೆ ಬೂತಾಯಿ, ಬಂಗುಡೆ ಮೀನು, ಮರುವಾಯಿ ಚಿಪ್ಪು ತಿನ್ನುವವರಿಗೆ ಅಷ್ಟು ಚಿಂತೆಯಿಲ್ಲ. ರಕ್ತದಲ್ಲಿ ಬಿ12 ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ. ಪರೀಕ್ಷೆ ಮಾಡಿಸದೆ ಫೋಲಿಕ್ ಆಸಿಡ್ ಮಾತ್ರ ತಿಂದರೆ ರಕ್ತಹೀನತೆ ಸರಿಹೋದಂತೆ ಕಂಡು ನರ ಒಳಗೊಳಗೇ ಹಾಳಾಗುತ್ತದೆ.

ಕೆಲವಕ್ಕೆ ಮನೆಮದ್ದು ಇಲ್ಲ. ಮೂತ್ರ ಕಟ್ಟಿದರೆ, ತೊಡೆಸಂದಿ ಮರಗಟ್ಟಿದರೆ, ಪಾದ ಎತ್ತಲಾಗದೆ ನೆಲಕ್ಕೆ ಎಳೆದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸ್ಪರ್ಶವಿಲ್ಲದ ಬಿಳಚು ಮಚ್ಚೆ ಇದ್ದರೆ ಕುಷ್ಠದ ಪರೀಕ್ಷೆಯಾಗಲಿ. ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಡಾಕ್ಟರು ಕೊಟ್ಟ ನರದ ನೋವಿನ ಮಾತ್ರೆ ಪ್ರಿಗ್ಯಾಬಲಿನ್ ಈಗಾಗಲೇ ನುಂಗುತ್ತಿರುವವರು ಇದನ್ನೋದಿ ಒಮ್ಮೆಲೇ ನಿಲ್ಲಿಸಬೇಡಿ, ಹಂತಹಂತವಾಗಿ ಡಾಕ್ಟರೇ ಇಳಿಸಬೇಕು. ಮತ್ತೆ ಸರ್ಪಸುತ್ತು: ಮೈಯ ಒಂದೇ ಪಕ್ಕದಲ್ಲಿ ಉರಿಯೊಂದಿಗೆ ಗುಳ್ಳೆ ಎದ್ದರೆ ನಾಗನಿಗೆ ತಂಬಿಲ ಕೊಡುವವರು ಕೊಡಲಿ, ಆದರೆ ವೈರಸ್ ಮದ್ದು ಗುಳ್ಳೆ ಕಂಡ 72 ಗಂಟೆಯೊಳಗೆ ಶುರುವಾಗಬೇಕು. ಲೇಪ ಹಚ್ಚುತ್ತಾ ಕೂತರೆ ಮೂರು ದಿನ ಅದರಲ್ಲೇ ಹೋಗುತ್ತದೆ.

— ಕೆಲವು ಫಿಸಿಯೋಥೆರಪಿಸ್ಟರು, ಉಡುಪಿ